ರೊಟ್ಟಿ ತಿನ್ನುವ ತನಕ

ಮಂಜು ಇನ್ನೂ ಎದ್ದಿಲ್ಲ, ನೌಬಾದದ ಕೆಂಪು ನೆಲದ ಮೇಲೆ ತೊಳೆಯದ ಉಣ್ಣೆಯ ಹಾಗೆ ಬಿದ್ದುಕೊಂಡಿದೆ, ಅಂಗಳದ ಬೇವಿಗೆ ಬುಡವಿದೆ ತಲೆಯಿಲ್ಲ, ರಸ್ತೆಯಂತೂ ಇಲ್ಲವೇ ಇಲ್ಲ — ಇಂಥ ಮುಂಜಾನೆ ಭಾಲ್ಕಿಯ ಬಸ್ಸು ತಡವಾಗುತ್ತದೆ, ಆಗಲಿ, ಇನ್ನಷ್ಟು ಆಗಲಿ, ಹಾವಗೆಪ್ಪ ನನ್ನ ತೊಡೆಯ ಮೇಲೆ ಮಲಗಿ ಹಾಲು ಕುಡಿಯುತ್ತಿದ್ದಾನೆ, ಕುಡಿ ಮಗನೇ, ಹೊಟ್ಟೆ ಬಿರಿಯುವಷ್ಟು ಕುಡಿ, ಆ ಬಸ್ಸಿನಲ್ಲಿ ನಿನ್ನ ಅಜ್ಜಿ ಈರಮ್ಮ ಬರುತ್ತಾಳೆ, ಖಟಕ ಚಿಂಚೋಳಿಯಿಂದ ತಮ್ಮ ಒಲೆಯ ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿಕೊಂಡು ಬರುತ್ತಾಳೆ, ನೀನು ತಿಂದರೆ ನಿನ್ನನ್ನು ಒಯ್ಯುತ್ತಾಳೆ, ಉಗುಳಿದರೆ ಬಿಟ್ಟು ಹೋಗುತ್ತಾಳೆ, ಮಾತಾಗಿದ್ದೇ ಹಾಗೆ, ರೊಟ್ಟಿ ತಿನ್ನೂ ತನಕ ನಿನ್ನ ಕೂಸು ಶಾಲುಬಾಯಿ, ತಿಂದ ಮ್ಯಾಲ ನಮ್ಮ ಕೂಸು, ಅಂದಿದ್ದಳು ಆಕೆ, ನಾನು ಹೂಂ ಅಂದಿದ್ದೆ. ಹೂಂ ಅನ್ನಲು ಆವತ್ತು ಏನು ಕಷ್ಟವಿತ್ತು, ನಾನು ಹೆತ್ತವನು ಮಣ್ಣಿಗೆ ಹೋಗಿದ್ದ, ಪಂಢರಿಯೇ ಕುಣಿ ತೋಡಿದ, ನನ್ನ ಗಂಡ, ಮಿಶನ್ ದವಾಖಾನೆಯ ಗೇಟು ಕಾಯುವವನು, ನೆಲ ಕಲ್ಲು, ಹಾರೆ ಬಿದ್ದಾಗೆಲ್ಲ ಮಂಚದ ಮೇಲೆ ನನ್ನ ಮೈ ನಡುಗುತ್ತಿತ್ತು, ಆದರೂ ಎದೆಗೆ ಹಾಲು ಬಂತು, ಹಾಲಿಗೆ ಸುದ್ದಿ ಮುಟ್ಟಿರಲಿಲ್ಲ. ಅದೇ ಹೊತ್ತಿಗೆ ಈರಮ್ಮನ ಸೊಸೆ ಕಸ್ತೂರಿಬಾಯಿಯನ್ನು ಬಂಡಿಯಲ್ಲಿ ದವಾಖಾನೆಗೆ ತಂದರು, ದಾರಿಯಲ್ಲೇ ಹೆತ್ತಿದ್ದಳು, ದಾರಿಯಲ್ಲೇ ಹೋಗಿದ್ದಳು, ಕೂಸು ಆಕಳ ಹಾಲನ್ನು ಮೂಗಿನಿಂದ ಹೊರಗೆ ಹಾಕುತ್ತಿತ್ತು, ಈರಮ್ಮ ಪಡಸಾಲೆಯಲ್ಲಿ ನಿಂತು ನನ್ನ ಒದ್ದೆ ಕುಪ್ಪಸವನ್ನು ನೋಡಿದಳು, ನೋಡುತ್ತಲೇ ಇದ್ದಳು, ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು, ಆಮೇಲೆ ಅಂದಳು, ನಾವು ಬಸವಣ್ಣನ ಒಕ್ಕಲು, ಹಾಲಿಗಿ ಯಾ ಕುಲ ಅದವಾ, ಕುಡಸು. ಆದರೆ ಆವತ್ತಿನಿಂದ ನಮ್ಮ ಮನೆಗೆ ಎಷ್ಟು ಸಲ ಬಂದಳೋ, ನನಗೆಂದು ತುಪ್ಪ ತಂದಳು, ಕೊಬ್ಬರಿ ತಂದಳು, ಒಂದು ಗುಟುಕು ನೀರು ಕುಡಿಯಲಿಲ್ಲ, ನಮ್ಮ ಹಾಲು ನಡೀತದ, ನೀರು ನಡ್ಯಂಗಿಲ್ಲ ನೋಡು, ಎಂದು ಪಂಢರಿ ಆಕೆ ಹೋದ ಮೇಲೆ ಅಣಕಿಸುತ್ತಾನೆ.

ಮೊನ್ನೆ ಹೊಸ ರಾಜ್ಯಕ್ಕೆ ಸೇರಿದೆವೆಂದು ಬೀದರಿನಲ್ಲಿ ಬಾಜಾ ಬಾರಿಸಿ ಪೇಡೆ ಹಂಚಿದರು, ಪಂಢರಿ ಒಂದು ಪೇಡೆ ಕೈಯಲ್ಲಿ ಹಿಡಿದು ಬಂದ, ರಾತ್ರಿ ಹೈದರಾಬಾದಿನ್ಯಾಗ ಮಲಗಿದ್ವಿ, ಮುಂಜಾನಿ ಮೈಸೂರಿನ್ಯಾಗ ಎದ್ದೀವಿ, ಹಾಸಿಗಿ ಸೈತ ಬದಲಾಗಿಲ್ಲ, ಅಂದು ನಕ್ಕ, ನಾನೂ ನಕ್ಕೆ, ನೆಲವನ್ನು ಒಂದು ಮಡಿಲಿನಿಂದ ಇನ್ನೊಂದು ಮಡಿಲಿಗೆ ಹಾಕುತ್ತಾರೆ, ನೆಲ ಅಳುವುದಿಲ್ಲ — ಆವತ್ತೇ ಹಾವಗೆಪ್ಪ ನನ್ನ ತಾಟಿಗೆ ಕೈ ಹಾಕಿ ರೊಟ್ಟಿ ಮುರಿದು ಬಾಯಿಗಿಟ್ಟ, ಹೊಸ ಹಲ್ಲುಗಳಿಂದ ಅಗಿದ, ನುಂಗಿದ, ನಾವಿಬ್ಬರೂ ಉಣ್ಣುವುದನ್ನು ನಿಲ್ಲಿಸಿ ಕೂತೆವು. ದಸರೆಗೆ ಈರಮ್ಮ ಬಂದಾಗ ಉಗುಳಿದ್ದ, ಅದು ನಿಜ, ಈಗ ತಿನ್ನುತ್ತಾನೆ, ಅದು ಗೊತ್ತಿರುವುದು ನಮ್ಮಿಬ್ಬರಿಗೆ ಮತ್ತು ಮೇಲಿರುವವನಿಗೆ. ಪಂಢರಿ ಅಂದ, ಬಸ್ ಬರೂದ್ರಾಗ ಹಾಲು ಕುಡಿಸಿಬಿಡು, ಹೊಟ್ಟಿ ತುಂಬಿದ ಕೂಸು ರೊಟ್ಟಿ ಮೂಸೂದಿಲ್ಲ, ಸುಳ್ಳು ಹೇಳೂದ್ಯಾಕ, ಬಾಯಿ ತೆಗೀದೆ ಸುಮ್ಮ ಕುಂದ್ರು.

ತವರು ಔರಾದದಲ್ಲಿ ನನ್ನವ್ವ ಹೇಳುತ್ತಿದ್ದ ಸತ್ಯವೇದದ ಕಥೆ, ಗುಡಿಯಲ್ಲಿ ಅತ್ತು ಅತ್ತು ಮಗನನ್ನು ಬೇಡಿದ ಒಬ್ಬ ತಾಯಿ, ಹಾಲು ಬಿಡಿಸಿದ ಮೇಲೆ ಹರಕೆಯಂತೆ ಅವನನ್ನು ಅದೇ ಗುಡಿಗೆ ಒಯ್ದು ಬಿಟ್ಟು ಬಂದವಳು, ಅವ್ವನ ಬಾಯಲ್ಲಿ ಆಕೆ ಬುತ್ತಿ ಕಟ್ಟಿಕೊಂಡು ನಮ್ಮ ಮಾಂಜ್ರಾ ಹೊಳೆ ದಾಟುತ್ತಿದ್ದಳು, ವರ್ಷಕ್ಕೊಂದು ಅಂಗಿ ಹೊಲಿದು ಮಗನಿಗೆ ಒಯ್ಯುತ್ತಿದ್ದಳು, ಅಳತಿ ಹ್ಯಾಂಗ ತಿಳೀತಿತ್ತವ್ವಾ, ಎಂದು ಕೇಳಿದರೆ ತಾಯಿ ಕೈಗಿ ತಿಳೀತದ, ಅನ್ನುತ್ತಿದ್ದಳು. ಈಗ ನನ್ನ ಕೈ ಇವನ ಬೆನ್ನಿನ ಮೇಲಿದೆ, ಇವತ್ತಿನ ಬೆನ್ನು ತಿಳಿದಿದೆ, ಬರುವ ವರ್ಷದ್ದು ಹೇಗೆ ತಿಳಿದೀತು? ಕರ್ತನೇ, ನಾನು ಬೇಡಿದ್ದು ನಾನು ಹೆತ್ತವನನ್ನು, ನೀನು ಅವನನ್ನು ಒಯ್ದು ಇವನನ್ನು ಇಟ್ಟೆ, ನಾನು ಗೊಣಗಲಿಲ್ಲ, ಭಾನುವಾರ ತಪ್ಪಿಸಲಿಲ್ಲ, ಈಗ ಇವನನ್ನೂ ಕೇಳುತ್ತೀ, ಇದು ಪರೀಕ್ಷೆಯ ಕಾಲ ಅಂತಾರೆ ಪಾದ್ರಿಗಳು, ಬಂಗಾರಕ್ಕೆ ಕುಲುಮೆ ಬೇಕು ಅಂತಾರೆ, ನಾನು ಬಂಗಾರವಲ್ಲ ತಂದೆಯೇ, ಮಣ್ಣು, ನಿನ್ನ ಕೈಯಿಂದಾದ ಮಣ್ಣು, ನಿನಗೆ ಗೊತ್ತಿಲ್ಲವೇ — ಎದೆ ಬರಿದಾಯಿತು, ಹಾವಗೆಪ್ಪ ತೇಗಿದ, ಭಾರವಾಗಿದ್ದಾನೆ, ಹೊಟ್ಟೆ ನಗಾರಿಯಂತಾಗಿದೆ, ಮಂಜಿನೊಳಗೆ ಬಸ್ಸಿನ ಹಾರ್ನು.

ಈರಮ್ಮ ಬಂದಳು, ಯಪ್ಪಾ ಯಪ್ಪಾ, ನನ್ನ ಗಿಣಿ ಎಷ್ಟ ದೊಡ್ಡಂವ ಆಗ್ಯಾನ, ಅಂದಳು, ಗಂಟು ಬಿಚ್ಚಿದಳು, ಬಿಳಿಜೋಳದ ರೊಟ್ಟಿ, ತುಪ್ಪ ಸವರಿದ್ದು, ಚೂರು ಮುರಿದು ಅವನ ತುಟಿಗೆ ಹಿಡಿದಳು. ಅವನು ಮುಖ ತಿರುಗಿಸಿದ, ಮತ್ತೆ ಹಿಡಿದಳು, ಮತ್ತೆ ತಿರುಗಿಸಿ ಉಗುಳಿದ. ಬಾಗಿಲಲ್ಲಿ ನಿಂತ ಪಂಢರಿ ಉಸಿರು ಬಿಟ್ಟದ್ದು ನನಗೆ ಕೇಳಿಸಿತು, ನನ್ನೊಳಗೆ ಏನೋ ಜಿಗಿಯಿತು, ಹಬ್ಬದಂತೆ ಜಿಗಿಯಿತು, ಗೆದ್ದೆ, ಎರಡು ತಿಂಗಳು, ಮೂರು ತಿಂಗಳು, ಕ್ರಿಸ್‌ಮಸ್ಸಿಗೆ ಇವನಿಗೆ ಕೆಂಪು ಟೊಪ್ಪಿಗೆ ಹೊಲಿಯುತ್ತೇನೆ — ಈರಮ್ಮ ಉಗುಳಿದ ಚೂರನ್ನು ಸೆರಗಿನಿಂದ ಒರೆಸಿದಳು, ಇರ್ಲಿ ತಗೋ, ಅಂದಳು, ಇನ್ನಾ ನಿನ್ನ ಋಣ ಅದ, ಇವನಪ್ಪ ಬಸವಣ್ಣೆಪ್ಪಗ ಏನಂತ ಹೇಳ್ಲಿ, ಮಗ ಬರ್ತಾನಂತ ಅಂಗಳದಾಗಿನ ಬಾವಿಗಿ ಕಟ್ಟಿ ಕಟ್ಸ್ಯಾನ, ಎಲ್ಲಿ ಕೂಸು ಬಾಗಿ ಬಿದ್ದೀತಂತ, ತಾನೇ ಕಲ್ಲು ಹೊತ್ತಾನ. ರೊಟ್ಟಿಯನ್ನು ಮಡಿಚುತ್ತಿದ್ದಳು, ಅದು ಮುರಿಯಿತು, ಮುರಿದದ್ದನ್ನೇ ಮಡಿಚುತ್ತಿದ್ದಳು. ಬಾವಿಗೆ ಕಟ್ಟೆ. ಹೆಂಡತಿಯನ್ನು ಕಳೆದುಕೊಂಡವನು, ಇನ್ನೂ ನಡೆಯಲು ಬಾರದ ಮಗನಿಗಾಗಿ ಕಲ್ಲು ಹೊತ್ತವನು. ನಾನು ಬಾಯಿ ತೆರೆದೆ, ಧೈರ್ಯ ಬಂದಿತ್ತು ಅಂತಲ್ಲ, ತೆರೆದ ಮೇಲೂ ಬರಲಿಲ್ಲ, ತಿಂತಾನ್ರಿ ಅವ್ವಾ, ಅಂದೆ, ಹೊಟ್ಟಿ ತುಂಬ್ಯಾದ, ನಾನೇ ಬೇಕಂತ ಕುಡಿಸೀನಿ, ತುಸು ಕುಂದರ್ರಿ, ಹಸಿವಾಗ್ಲಿ. ಶಾಲೂ, ಅಂದ ಪಂಢರಿ, ಬೆನ್ನು ತಿರುಗಿಸಿ ಅಂಗಳಕ್ಕೆ ಇಳಿದ. ಈರಮ್ಮ ಬೈಯಲಿಲ್ಲ, ಹುಚ್ಚಿ, ಅಂದಳು, ಗೋಡೆಗೆ ಒರಗಿ ಕೂತಳು, ನಾನೂ ಕೂತೆ.

ಮಂಜು ಕರಗಿತು, ಬಿಸಿಲು ಹೊಸ್ತಿಲು ದಾಟಿತು, ಇಬ್ಬರು ಹೆಂಗಸರು ಒಂದು ಕೂಸಿಗೆ ಹಸಿವಾಗಲಿ ಎಂದು ಕಾಯುತ್ತಿದ್ದೇವೆ, ಹಾವಗೆಪ್ಪ ಗೋಡೆ ಹಿಡಿದು ನಿಲ್ಲುತ್ತಾನೆ, ಬೀಳುತ್ತಾನೆ, ಕೋಳಿಯನ್ನು ನೋಡಿ ಕೇಕೆ ಹಾಕುತ್ತಾನೆ, ಹಸಿವೇ ಬರಬೇಡ, ಬಾ, ಬರಬೇಡ, ನಿನ್ನ ಚಿತ್ತದಂತಾಗಲಿ ಅನ್ನಲು ನಾಲಿಗೆ ಏಳುತ್ತಿಲ್ಲ ಕರ್ತನೇ, ಏಳದಿದ್ದರೂ ಅಂದೆನೆಂದು ತಿಳಿದುಕೋ. ನೀರು ಕೊಡವಾ, ಅಂದಳು ಈರಮ್ಮ. ನಾನು ಕೇಳಿಯೂ ಕೂತೇ ಇದ್ದೆ, ಬಿಸಲು ಹತ್ಯಾದ, ನೀರು ಕೊಡು, ಅಂದಳು ಮತ್ತೆ, ನಮ್ಮ ತಂಬಿಗೆಗೆ ಬಾಯಿ ಹಚ್ಚಿ ಕುಡಿದಳು, ಗಂಟಲು ಏರಿಳಿಯಿತು. ಆಗ ಹಾವಗೆಪ್ಪ ಅಂಬೆಗಾಲಿಟ್ಟು ಬಂದ, ನನ್ನ ಎದೆಗೆ ಬರುತ್ತಾನೆ ಅಂದುಕೊಂಡೆ, ಬರಲಿಲ್ಲ, ಗಂಟಿಗೆ ಕೈ ಹಾಕಿದ, ರೊಟ್ಟಿ ಮುರಿದ, ತಿಂದ, ಇನ್ನೊಂದು ತಿಂದ, ತುಪ್ಪ ಗಲ್ಲಕ್ಕೆ ಹತ್ತಿತು, ಈರಮ್ಮ ಅಳುತ್ತಿದ್ದಳು, ಉಡಿ ಚಾಚಿದಳು, ನಾನು ಅವನನ್ನು ಎತ್ತಿದೆ, ಎತ್ತಿದಾಗ ಅವನು ತನ್ನ ಬಾಯೊಳಗಿನ ಚೂರನ್ನು ತೆಗೆದು ನನ್ನ ಬಾಯಿಗೆ ಇಟ್ಟ, ಬೆರಳಿನಿಂದ ಒಳಗೆ ತಳ್ಳಿದ, ನಾನು ಅವನನ್ನು ಅಜ್ಜಿಯ ಉಡಿಯಲ್ಲಿ ಇಟ್ಟೆ, ಇಟ್ಟು ಕೈ ತೆಗೆದೆ, ಮಾತಾಡಲಾಗಲಿಲ್ಲ, ಬಾಯಲ್ಲಿ ಚೂರಿತ್ತು, ಅವರು ಅಂಗಳ ದಾಟಿದರು, ಚೂರಿತ್ತು, ಬಸ್ಸು ಹೊರಟಿತು, ನಾಲಿಗೆಯ ಮೇಲೆ ಇನ್ನೂ ಬೆಚ್ಚಗೆ, ಇನ್ನೂ ಒದ್ದೆ, ಆ ರೊಟ್ಟಿಯ ಚೂರು, ಅಗಿಯಲಿಲ್ಲ ನುಂಗಲಿಲ್ಲ, ಆ ಚೂರು —