ಶುಕ್ರವಾರದ ಗಲ್ಲಾ

ವೆಸ್ಟ್ ಮಾಂಬಲಂನ ವಾಣಿಜ್ಯ ಚರಿತ್ರೆ ಬರೆಯುವವರು ಎಂದಾದರೂ ಹುಟ್ಟಿದರೆ, ಮೊದಲ ಅಧ್ಯಾಯವನ್ನು ಸದಾನಂದರ ಹೋಟೆಲಿನ ಕೈತೊಳೆಯುವ ಬೇಸಿನ್ನಿಗೇ ಮೀಸಲಿಡಬೇಕು. ಅಲ್ಲಿ ಕೈ ತೊಳೆದವರ ನೀರು ಮೂಲೆಮೇಜಿನ ಗಿರಾಕಿಯ ಮಸಾಲೆದೋಸೆಗೆ ಸಿಡಿಯುತ್ತಿತ್ತು. ಬೇಸಿನ್ ಸರಿಸಲು ಜಾಗ ಬೇಕು. ಜಾಗಕ್ಕೆ ಪಕ್ಕದ ಖಾಲಿ ಅಂಗಡಿ ಬೇಕು.

ಅಂಗಡಿಯ ಮಾಲೀಕರು ಮಹಡಿಯ ಮೇಲಿನ ನಂಜುಂಡಯ್ಯ, ವಿಮಾ ಕಚೇರಿಯಿಂದ ನಿವೃತ್ತರಾದ ಮೈಸೂರು ಕಡೆಯವರು. "ಶುಕ್ರವಾರ ಸಾಯಂಕಾಲ ಆರರೊಳಗೆ ಅಡ್ವಾನ್ಸ್ ಬಂದ್ರೆ ಅಂಗಡಿ ಬಾಡಿಗೆಗೆ ನಿಮ್ದು. ಇಲ್ದಿದ್ರೆ ಮೊಬೈಲ್ ಕವರ್‌ನೋನು ಕಾಯ್ತಿದಾನೆ" ಎಂದಿದ್ದರು.

ಗುರುವಾರವೆಲ್ಲ ಒಂದು ಸೀಮಂತದ ಊಟ ಕಳಿಸುವ ಗಡಿಬಿಡಿಯಲ್ಲಿ ಹೋಯಿತು. ಶುಕ್ರವಾರವಂತೂ ಸದಾನಂದರ ಗಲ್ಲಾದಿಂದ ಹಣ ಹೊರಗೆ ಹೋಗುವುದಿಲ್ಲ. ಹಾಲಿನವನೂ ಆ ದಿನ ಬರಿಗೈಯಲ್ಲಿ ನಗುತ್ತಾ ಹೋಗುತ್ತಾನೆ.

"ನಾಳೆ ಬೆಳಿಗ್ಗೆ ಮಿಂದು ಕೊಡುವ. ಈ ತಮಿಳರ ಊರಲ್ಲಿ ಅವರೂ ಕನ್ನಡದವರೇ ಅಲ್ವಾ, ಎಲ್ಲಿಗೆ ಓಡ್ತಾರೆ?" ಎಂದರು ಸದಾನಂದರು.

ಮಗಳು ಪ್ರಣಮ್ಯಾ ಸಿ.ಎ. ಫೌಂಡೇಶನ್‌ಗೆ ಓದುತ್ತಿದ್ದಳು. ಆದ್ದರಿಂದ ಮನೆಯಲ್ಲಿ ನೆಮ್ಮದಿ ಇಲ್ಲದವಳು ಅವಳೊಬ್ಬಳೇ. "ಅಯ್ಯೋ ಅಪ್ಪಾ, ಆರು ಗಂಟೆಗೆ ಆಫರ್ ಲ್ಯಾಪ್ಸ್ ಆಗ್ತದೆ! ನಾಳೆ ಅವ್ರು ಬೇಡ ಅಂದ್ರೆ ಕೇಳ್ಲಿಕ್ಕೇ ಆಗೂದಿಲ್ಲ."

"ಕೆಟ್ಟುಹೋಗ್ಲಿಕ್ಕೆ ಅದೆಂತ ಹಾಲಾ?"

"ಹೋಟೆಲ್ ದುಡ್ಡು ಬೇಡಪ್ಪಾ, ನಿಮ್ಮ ಸ್ವಂತದ್ದು ಕೊಡಿ. ವ್ಯಾಪಾರ ಬೇರೆ, ಮಾಲೀಕ ಬೇರೆ. ಅಕೌಂಟ್ಸಲ್ಲಿ ಮೊದಲನೇ ಪಾಠವೇ ಅದು."

"ನಾನು ಬೇರೆ, ಹೋಟೆಲ್ ಬೇರೆಯಾ? ಮತ್ತೆ ಇಷ್ಟು ವರ್ಷ ಇಲ್ಲಿ ಬೆವರಿಳಿಸಿದ್ದು ಯಾರು, ನಿನ್ನ ಪುಸ್ತಕವಾ?"

ಪ್ರಣಮ್ಯಾ ಪುಸ್ತಕ ತೆರೆದಳು, ಮುಚ್ಚಿದಳು. ಗಲ್ಲಾದಿಂದ ಬಾಗಿಲಿಗೆ, ಬಾಗಿಲಿನಿಂದ ಗಲ್ಲಾಕ್ಕೆ ಓಡಾಡಿದಳು. ಮೊಬೈಲ್ ಕವರಿನವನು ಸ್ಕೂಟರ್ ನಿಲ್ಲಿಸಿ ಖಾಲಿ ಅಂಗಡಿಯ ಶಟರನ್ನು ನೋಡಿ ಹೋದ. ಐದು ದಾಟಿದ ಮೇಲೆ ಮತ್ತೆ ಬಂದ. ಈ ಸಲ ಕೈಯಲ್ಲಿ ಅಳತೆಯ ಟೇಪು. ಅವಳು ಮೆಟ್ಟಿಲು ಹತ್ತಿ ಓಡಿದಳು. ಅಜ್ಜಿ ಅವಳ ಹೆಸರಿನಲ್ಲಿಟ್ಟ ಹಣ ಖಾತೆಯಲ್ಲಿತ್ತು.

"ಮಾಮಾ, ನಂಬರ್ ಹೇಳಿ. ಅಡ್ವಾನ್ಸ್ ನಾನೇ ಕಳಿಸ್ತೇನೆ."

ನಂಜುಂಡಯ್ಯ ಕನ್ನಡಕ ಏರಿಸಿದರು. "ನಿಂಗೆಷ್ಟು ವಯಸ್ಸಮ್ಮಾ?"

"ಹದಿನೇಳು. ಕಾರ್ತೀಕಕ್ಕೆ ಹದಿನೆಂಟು."

"ಮೈನರ್ ಜೊತೆ ಮಾಡ್ಕೊಂಡ ಕರಾರು ಕರಾರೇ ಅಲ್ಲ. ನಿಮ್ಗೆ ಪಾಠ ಮಾಡಿಲ್ವಾ?"

"ಮಾಡಿದ್ದಾರೆ" ಎಂದಳು. "ಟೆಸ್ಟಲ್ಲಿ ಫುಲ್ ಮಾರ್ಕ್ಸ್."

"ಭೇಷ್! ಹೋಗು, ದೊಡ್ಡೋರನ್ನ ಕರ್ಕೊಂಡ್ ಬಾ. ಗಡಿಯಾರ ನೋಡ್ಕೋ."

ಅಡಿಗೆಮನೆಯಲ್ಲಿ ತಾಯಿ ಜಲಜಾ ತೆಂಗಿನಕಾಯಿ ತುರಿಯುತ್ತಿದ್ದರು. ಮಗಳ ಮಾತು ಅರ್ಧ ಕೇಳಿಯೇ ಕೈ ಒರೆಸಿಕೊಂಡರು. "ನಾನು ಹಪ್ಪಳ ಮಾರಿದ ದುಡ್ಡು ಬ್ಯಾಂಕಲ್ಲಿ ಉಂಟಲ್ಲ. ಹಪ್ಪಳದ ಲೆಕ್ಕ ನನ್ನ ಹತ್ರ ತರ್ಬೇಡ ಅಂತ ನಿನ್ನಪ್ಪನೇ ಹೇಳಿದ್ದು."

"ಶುಕ್ರವಾರ ಅಲ್ವಾಮ್ಮಾ?"

"ಬ್ಯಾಂಕಿನಿಂದ ಬ್ಯಾಂಕಿಗೆ ಹೋಗುವ ಲಕ್ಷ್ಮಿ ನಮ್ಮ ಹೊಸ್ತಿಲು ದಾಟ್ತಾಳಾ ಮಾರಾಯ್ತಿ? ನಡಿ."

ಶನಿವಾರ ಬೆಳಿಗ್ಗೆ ಸದಾನಂದರು ಮಿಂದು, ನಾಮ ಎಳೆದು, ನೋಟಿನ ಕಟ್ಟು ಹಿಡಿದು ಮೇಲೆ ಹೋದರು. ನಂಜುಂಡಯ್ಯ ಕಾಫಿ ಕೊಟ್ಟು, ಸಹಿಯಾದ ಕರಾರುಪತ್ರ ತೋರಿಸಿದರು. ಪಕ್ಕದ ಅಂಗಡಿ ಜಲಜಾ ಹೆಸರಿಗಾಗಿದೆ. ಅಂದಿನಿಂದ ಸದಾನಂದರು ತಿಂಗಳಿಗೊಮ್ಮೆ ಹೆಂಡತಿಗೆ ಒಳಬಾಡಿಗೆ ಕೊಡುತ್ತಾರೆ.