ಅನ್ನದಾನಮ್ಮನ ಟೊಂಗೆ

ಕೊಟ್ಟೂರಿನ ಪಂಚಾಕ್ಷರಪ್ಪನ ಮನೆಯ ಸಾರಿಗೆ ಒಂಬತ್ತು ದಿನದಿಂದ ಹುಳಿಯಿಲ್ಲ. ಹೆಂಡತಿ ಅನ್ನದಾನಮ್ಮ ಹೊತ್ತು ಹೊತ್ತಿಗೆ ಬಿಸಿ ರೊಟ್ಟಿ ಬಡಿದು ತಟ್ಟೆ ಮುಂದಿಡುತ್ತಾಳೆ, ಆದರೆ ಬಾಯಲ್ಲಿ ಮಾತಿಲ್ಲ, ಸಾರಲ್ಲಿ ಹುಣಸೆಯಿಲ್ಲ. ಸಿಟ್ಟು ಮಾಡಿದರೆ ಹೀಗೆ ಮಾಡಬೇಕು ನೋಡಿ.

ತಪ್ಪು ಅವನದೇ, ಬಿಡಿ. ಹಿತ್ತಲಿನ ಹುಣಸೆಮರದ ಹಣ್ಣನ್ನು ಪ್ರತಿ ವರ್ಷ ವ್ಯಾಪಾರಿ ದಾದಾಪೀರನಿಗೆ ಗುತ್ತಿಗೆ ಕೊಡುವುದು ವಾಡಿಕೆ. ಕೊಡುವಾಗ ಅಡುಗೆಮನೆ ಕಡೆಯ ಟೊಂಗೆ ಬಿಟ್ಟು ಅಂತ ಹೇಳಲೇಬೇಕು. ಅನ್ನದಾನಮ್ಮ ಸೊಸೆಯಾಗಿ ಬಂದ ದಿನವೇ ಅತ್ತೆ ಆ ಟೊಂಗೆ ತೋರಿಸಿ, ಇದರ ಹಣ್ಣು ನಿನ್ನದು, ಯಾರನ್ನೂ ಕೇಳಬೇಡ ಅಂದಿದ್ದಳು. ಅಂದಿನಿಂದ ಆ ಹಣ್ಣಿಗೆ ಬೆಲ್ಲ, ಜೀರಿಗೆ, ಉಪ್ಪು, ಖಾರ ಹಾಕಿ ಕುಟ್ಟಿ, ಚಿಗಳಿ ಮಾಡಿ ಕಡ್ಡಿಗೆ ಸಿಕ್ಕಿಸಿ ಓಣಿಗೆಲ್ಲ ಹಂಚುತ್ತಾಳೆ. ಮೊದಲ ಚಿಗಳಿ ಮಾತ್ರ ಗಂಡನಿಗೆ.

ಈ ಸಲ ಪುಣ್ಯಾತ್ಮ ದಾದಾಪೀರನಿಗೆ ಫೋನಿನಲ್ಲೇ ಮರ ಬಡಿಸಿಕೊಂಡು ಹೋಗಪಾ ಅಂದವನು ಟೊಂಗೆಯ ಮಾತನ್ನೇ ಮರೆತ. ದಾದಾಪೀರನ ಹೊಸ ಆಳುಗಳು ಇಡೀ ಮರ ಬಡಿದು ಬರಿದು ಮಾಡಿದರು. ವಿಷಯ ತಿಳಿದು ದಾದಾಪೀರ್ ಒಂದು ಚೀಲ ಹಣ್ಣು ತಂದಿಟ್ಟ. ಎಲ್ಲ ಕಲೆತುಹೋದ ಮೇಲೆ ತನ್ನ ಟೊಂಗೆಯದು ಯಾವುದು ಅಂತ ಅನ್ನದಾನಮ್ಮ ಅದನ್ನು ಮುಟ್ಟಲೂ ಇಲ್ಲ.

ಹತ್ತನೆಯ ದಿನ ಬೆಳಿಗ್ಗೆ ಮರ ಚಿಗುರಿದ್ದು ಪಂಚಾಕ್ಷರಪ್ಪನ ಕಣ್ಣಿಗೆ ಬಿತ್ತು. ಹುಣಸೆ ಚಿಗುರು ಹಾಕಿದ ಬೇಳೆ ಅಂದರೆ ಹೆಂಡತಿಗೆ ಪ್ರಾಣ. ಅರವತ್ತಾರರ ಮೊಣಕಾಲನ್ನು ಬೇಡಿಕೊಳ್ಳುತ್ತ ಏಣಿ ಹತ್ತಿ, ಅದೇ ಟೊಂಗೆಯಿಂದ ಚಿಗುರನ್ನು ಸರಸರ ಹರಿದು ಟವೆಲ್ಲಿಗೆ ತುಂಬತೊಡಗಿದ.

ಸದ್ದಿಗೆ ಅನ್ನದಾನಮ್ಮ ಹಿತ್ತಲ ಬಾಗಿಲಿಗೆ ಬಂದಳು. ತುಟಿ ಬಿಗಿ ಹಿಡಿದು ನಿಂತಳು. ಎಷ್ಟು ಹೊತ್ತು ತಡೆದಾಳು!

"ಮೊಗ್ಗು ಸಮೇತ ಹರಿಯಾಕತ್ತೀರಲ್ರಿ. ಬರೋ ವರ್ಷದ ನನ್ನ ಹಣ್ಣೂ ಕಳೀತೀರೇನು?"

ಪಂಚಾಕ್ಷರಪ್ಪ ಟವೆಲ್ಲು ನೋಡಿಕೊಂಡ. ಹೌದು, ಚಿಗುರಿನ ನಡುವೆ ಕೆಂಪು ಮೊಗ್ಗು. ಮತ್ತೆ ತಪ್ಪು ಮಾಡಿದ್ದ. ಆದರೂ ಆ ದನಿ ಕೇಳಿ ಅವನಿಗೆ ಹೋದ ಜೀವ ಬಂದಂತಾಯಿತು. ಕೇಳಿಸಲಿಲ್ಲ, ಇನ್ನೊಮ್ಮೆ ಹೇಳು ಅಂದ.

ಅವಳು ಬಂದು ಏಣಿ ಗಟ್ಟಿಯಾಗಿ ಹಿಡಿದಳು.

"ಇಳೀರಿ ಮೊದ್ಲು. ನಿಮಗ ಏನರ ಆದ್ರ ನಾನು ಯಾರ ಮ್ಯಾಲ ಸಿಟ್ಟು ಮಾಡ್ಲಿ?"

ಮಧ್ಯಾಹ್ನದ ಬೇಳೆ ಹುಳಿಯೆಂದರೆ ಹುಳಿ. ಪಂಚಾಕ್ಷರಪ್ಪ ಎರಡು ಸಲ ಹಾಕಿಸಿಕೊಂಡ, ಕಣ್ಣಲ್ಲಿ ನೀರು ಬಂತು. ಹುಳಿಗೆ ಬಂದದ್ದು ಅಂದ. ಅವಳು ನಂಬಿದವಳಂತೆ ಇನ್ನೊಂದು ಸೌಟು ಬಡಿಸಿದಳು.