ದೊಡ್ಡ ಸಿಸ್ಟರ್ ಶಾಲೆ ಖಾಲಿ ಮಾಡಿಸಿದ ವರ್ಷ

ದೊಡ್ಡ ಸಿಸ್ಟರ್ ತೀರಿಕೊಂಡು ಎರಡು ವಾರ ಕಳೆದ ಮೇಲೆ ನಮ್ಮ ಚರ್ಚಿನ ಫಾದರ್ ನನ್ನನ್ನು ಕರೆಸಿದರು. ಸಿಸ್ಟರ್ ನೆನಪಿಗೆ ಒಂದು ಪುಟ್ಟ ಪುಸ್ತಕ ಮಾಡೋಣ, ಹಳೆಯ ವಿದ್ಯಾರ್ಥಿಗಳು ಹೇಳುವುದನ್ನೆಲ್ಲ ನೀವು ಬರೆದುಕೊಳ್ಳಬೇಕು ಎಂದರು. ನಾನು ಮನೆ ಕಟ್ಟುವವಳು. ನಾನು ಬರೆಯುವುದೆಂದರೆ ಗೋಡೆಯ ಅಳತೆ, ಇಟ್ಟಿಗೆಯ ಲೆಕ್ಕ, ಅಷ್ಟೇ. ಹಾಗೆಂದು ತಪ್ಪಿಸಿಕೊಳ್ಳಲು ನೋಡಿದೆ. ಫಾದರ್ ನಮ್ಮಲ್ಲಿಗೆ ಬಂದು ಎರಡು ವರ್ಷ. ಅವರು ಸಿಸ್ಟರನ್ನು ಕಂಡದ್ದು ವಯಸ್ಸಾದ ಸನ್ಯಾಸಿನಿಯರ ಮನೆಯಲ್ಲಿ, ಹಾಸಿಗೆ ಹಿಡಿದ ಮೇಲೆ.

"ಯಾರನ್ನ ಕೇಳಿದ್ರೂ ನಿಮ್ಮನ್ನೇ ತೋರಿಸ್ತಾರೆ. ಅವರ ಮೆಚ್ಚಿನ ಹುಡುಗಿ ನೀವೇ ಆಗಿದ್ರಂತೆ" ಎಂದರು.

ಐವತ್ತು ದಾಟಿದವಳನ್ನು ಹುಡುಗಿ ಎಂದರೆ ಯಾರು ತಾನೇ ಇಲ್ಲ ಅನ್ನುತ್ತಾರೆ? ಒಪ್ಪಿಕೊಂಡೆ.

ನಿಜ ಹೇಳಬೇಕೆಂದರೆ ದೊಡ್ಡ ಸಿಸ್ಟರಿಗೆ ಮೆಚ್ಚಿನವರು ಎಂಬುವರೇ ಇರಲಿಲ್ಲ. ಅಥವಾ ಆರುನೂರು ಜನ ಇದ್ದರು. ಇಪ್ಪತ್ತೇಳು ವರ್ಷ ಅವರು ನಮ್ಮ ಶಾಲೆಯ ಪ್ರಿನ್ಸಿಪಾಲರಾಗಿದ್ದರು. ಕುಳ್ಳಗೆ, ತೆಳ್ಳಗೆ ಇದ್ದ ಅವರನ್ನು ದೊಡ್ಡ ಸಿಸ್ಟರ್ ಎಂದು ಮೊದಲು ಕರೆದವರು ಯಾರೋ, ತಮಾಷೆಗೇ ಕರೆದಿರಬೇಕು. ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಹಿಂದೆ ಬಂದು ನಿಂತರೂ ಸದ್ದು ಕೇಳುತ್ತಿರಲಿಲ್ಲ. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನಿಂತು ಮಕ್ಕಳನ್ನು ಮನೆಯ ಕಸುಬು ಹಿಡಿದು ಮಾತಾಡಿಸುತ್ತಿದ್ದರು. "ಬೇಕರಿ, ಗುಂಡಿ ಹಾಕ್ಕೋ." "ಟೈಲರ್ ಅಮ್ಮನ ಮಗಳೇ, ನಿನ್ನ ಲಂಗವೇ ಹರಿದಿದೆಯಲ್ಲೇ?" ನಾನು ಮೇಸ್ತ್ರಿ ಮಗಳು.

ಚರಂಡಿ ಸರಿಮಾಡುವವರ ಮಗಳೊಬ್ಬಳು ನಮ್ಮ ತರಗತಿಯಲ್ಲಿದ್ದಳು. ಅಪ್ಪ ಆಫೀಸಿಗೆ ಹೋಗುತ್ತಾರೆ ಎಂದು ಎಲ್ಲರಿಗೂ ಹೇಳಿಕೊಂಡಿದ್ದಳು. ಸಿಸ್ಟರ್ ಅವಳನ್ನು ಗೇಟಿನಲ್ಲಿ ಏನೂ ಅನ್ನಲಿಲ್ಲ. ಒಂದು ಸೋಮವಾರ ಅವಳ ಅಪ್ಪನನ್ನೇ ಬೆಳಗಿನ ಪ್ರಾರ್ಥನೆಗೆ ಕರೆಸಿ, ಊರಿನ ನೀರೆಲ್ಲ ನೆಲದಡಿ ಎಲ್ಲಿ ಹೋಗುತ್ತದೆ ಎಂದು ಮಕ್ಕಳಿಗೆ ಹೇಳಿಸಿದರು. ಆತ ಸೀಮೆಸುಣ್ಣ ಹಿಡಿದು ಹಲಗೆಯ ಮೇಲೆ ಬೀದಿಬೀದಿಯ ಕೊಳವೆ ಬರೆದು ತೋರಿಸಿದರು. ಆಮೇಲೆ ಒಂದು ವಾರ ನಾವೆಲ್ಲ ಆ ಹುಡುಗಿಯ ಹಿಂದೆ ಬಿದ್ದು, ನಮ್ಮ ಮನೆಯ ನೀರು ಎಲ್ಲಿಗೆ ಹೋಗುತ್ತದೆ ಕೇಳಿಕೊಂಡು ಬಾ ಎಂದು ಪೀಡಿಸಿದೆವು. ಇವತ್ತು ಚರ್ಚಿನ ಗಾಯನ ತಂಡ ನಡೆಸುವವಳು ಅವಳೇ.

ಇಂಥವನ್ನೆಲ್ಲ ಬರೆದುಕೊಂಡೆ. ಆದರೆ ಯಾರ ಮನೆಗೆ ಹೋದರೂ ಮಾತು ಕೊನೆಗೆ ಬಂದು ನಿಲ್ಲುತ್ತಿದ್ದದ್ದು ಒಂದೇ ಕಡೆ: ಗೋಡೆ ಬಿದ್ದ ವರ್ಷ.

ಆ ಕಥೆ ನಮ್ಮಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತು. ದೊಡ್ಡ ಸಿಸ್ಟರ್ ಒಂದು ಮುಂಜಾನೆ ಚರ್ಚಿನಲ್ಲಿ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದಾಗ ದೇವದೂತನೊಬ್ಬ ಬಂದು, ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗು ಎಂದನಂತೆ. ಅವರು ಎದ್ದು ನೇರ ಶಾಲೆಗೆ ಬಂದು ಕಟ್ಟಡ ಖಾಲಿ ಮಾಡಿಸಿದರಂತೆ. ನಾಲ್ಕು ತಿಂಗಳ ಮೇಲೆ ಬಲಮೂಲೆ ಕುಸಿದಾಗ ಒಳಗೆ ಒಂದು ನರಪಿಳ್ಳೆಯೂ ಇರಲಿಲ್ಲ. ಸಿಸ್ಟರ್ ಬದುಕಿದ್ದಾಗ ಯಾರಾದರೂ ಇದನ್ನು ಎತ್ತಿದರೆ, "ದೇವದೂತರಿಗೆ ಬೇರೆ ಕೆಲಸ ಇರುತ್ತೆ" ಎಂದು ಹೇಳಿ ಮಾತು ಬದಲಿಸುತ್ತಿದ್ದರು. ಜನ ಅದನ್ನು ವಿನಯ ಎಂದುಕೊಂಡರು. ಕಥೆ ಇನ್ನಷ್ಟು ಗಟ್ಟಿಯಾಯಿತು.

ನನಗೆ ಗೊತ್ತಿದ್ದದ್ದು ಅದಕ್ಕಿಂತ ಸ್ವಲ್ಪ ಹೆಚ್ಚು. ಆಗ ನಾನು ಐದನೇ ತರಗತಿ. ನಮ್ಮ ಕೋಣೆ ಮೇಲಿನ ಮಹಡಿಯ ಬಲಮೂಲೆಯಲ್ಲಿತ್ತು. ಕೊನೆಯ ಬೆಂಚಿನ ಪಕ್ಕದ ಕಿಟಕಿ ಮುಚ್ಚುವುದು ನನ್ನ ಪಾಳಿ. ವರ್ಷದ ಶುರುವಿನಲ್ಲಿ ಒಂದೇ ಕೈಯಲ್ಲಿ ಮುಚ್ಚುತ್ತಿದ್ದ ಕಿಟಕಿ, ಎರಡು ತಿಂಗಳಲ್ಲಿ ಭುಜ ಕೊಟ್ಟು ತಳ್ಳಿದರೂ ಚೌಕಟ್ಟಿನೊಳಗೆ ಕೂರದಾಯಿತು. ಆ ಕಟ್ಟಡವನ್ನು ಹನ್ನೆರಡು ವರ್ಷ ಹಿಂದೆ ಕಟ್ಟಿದ್ದು ನನ್ನ ಅಪ್ಪ. ಮನೆಯಲ್ಲಿ ಹೇಳಿದೆ. ಅಪ್ಪ ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ. ಮರ ಊದಿಕೊಂಡಿರುತ್ತೆ, ನನ್ನ ಗೋಡೆಯಲ್ಲಿ ತಪ್ಪು ಹುಡುಕಬೇಡ ಎಂದರು.

ಮಾರನೆಯ ದಿನ ಗೇಟಿನಲ್ಲಿ ಸಿಸ್ಟರಿಗೆ ಹೇಳಿದೆ. ಅವರು ಗಂಟೆ ಹೊಡೆಯುವುದನ್ನೂ ಕಾಯದೆ ನನ್ನ ಜೊತೆ ಮಹಡಿ ಹತ್ತಿ ಬಂದು ಕಿಟಕಿಯನ್ನು ತಾವೇ ತಳ್ಳಿ ನೋಡಿದರು. ಕಿಟಕಿಯ ಕೆಳಗೆ ಕೂದಲೆಳೆಯಷ್ಟು ಬಿರುಕಿತ್ತು. ಬೆರಳಿಂದ ಸವರಿದರು. "ಯಾವತ್ತಿಂದ?" ಎಂದು ಕೇಳಿದರು. ದಿನ ನೆನಪು ಮಾಡಿಕೊಂಡು ಹೇಳಿದೆ. ಅಪ್ಪನನ್ನು ಕರೆದುಕೊಂಡು ಬಾ ಎಂದರು.

ಅಪ್ಪ ಬಂದವರು ಬಿರುಕಿಗೆ ಅಡ್ಡಲಾಗಿ ಐದು ಕಡೆ ತೆಳ್ಳನೆಯ ಗಾಜಿನ ಪಟ್ಟಿಗಳನ್ನು ಗಾರೆಯಲ್ಲಿ ಕೂರಿಸಿದರು. ಗೋಡೆ ಅಲುಗಾಡಿದರೆ ಗಾಜು ಒಡೆಯುತ್ತದೆ, ಸುಮ್ಮನಿದ್ದರೆ ಹಾಗೇ ಇರುತ್ತದೆ. ಒಡೆಯುವುದಿಲ್ಲ ನೋಡಿ ಎಂದು ಹೇಳಿ ಕೈ ತೊಳೆದುಕೊಂಡು ಹೋದರು. ಒಂಬತ್ತನೆಯ ದಿನ ಬೆಳಿಗ್ಗೆ ಐದು ಪಟ್ಟಿಗಳಲ್ಲಿ ಮೂರು ಒಡೆದಿದ್ದವು. ಅಪ್ಪನೂ ಸಿಸ್ಟರೂ ಆಫೀಸಿನ ಬಾಗಿಲು ಹಾಕಿಕೊಂಡು ಏನೋ ಮಾತಾಡಿದರು. ಅರ್ಧ ಗಂಟೆಯೊಳಗೆ ನಾವೆಲ್ಲ ಚೀಲ ಹೊತ್ತು ಬೀದಿಯಲ್ಲಿ ನಿಂತಿದ್ದೆವು.

ಊರು ಸಿಸ್ಟರ್ ಮೇಲೆ ತಿರುಗಿಬಿತ್ತು. ಕೂದಲೆಳೆ ಬಿರುಕಿಗೆ ಹೆದರಿ ಶಾಲೆ ಮುಚ್ಚುವುದೇ? ಇಂಜಿನಿಯರ್ ಬರಲಿ, ಆಮೇಲೆ ನೋಡೋಣ ಎಂದವರೇ ಹೆಚ್ಚು. ಬೇಕರಿಯ ಯಜಮಾನರು ಚರ್ಚಿನ ಪಾಲನಾ ಮಂಡಳಿಯ ಸಭೆಯಲ್ಲಿ ಸಿಸ್ಟರನ್ನು ಪುಕ್ಕಲಿ ಎಂದುಬಿಟ್ಟರಂತೆ. ಸಿಸ್ಟರ್ ಎಲ್ಲ ಕೇಳಿಸಿಕೊಂಡು, ನಿರ್ಧಾರ ನನ್ನದು, ಬೈಯುವುದಿದ್ದರೆ ನನ್ನನ್ನು ಬೈಯಿರಿ ಎಂದರು. ಆಮೇಲೆ ಬೇಕರಿ ಯಜಮಾನರ ಕಡೆಗೇ ತಿರುಗಿ, ಮಧ್ಯಾಹ್ನ ನಿಮ್ಮ ಹಿಂದಿನ ಕೋಣೆ ಖಾಲಿ ಇರುತ್ತದಲ್ಲ, ಮೂರನೇ ತರಗತಿಗೆ ಕೊಡಿ ಎಂದರು. ಬೈದ ಬಾಯಿಂದಲೇ ಅವರು ಹೂಂ ಎನ್ನಬೇಕಾಯಿತು.

ಹಾಗೆ ಏಳು ತಿಂಗಳು ನಮ್ಮ ಶಾಲೆ ಬೀದಿಯುದ್ದಕ್ಕೂ ಹರಡಿಕೊಂಡಿತು. ಮೂರನೇ ತರಗತಿ ಬೇಕರಿಯಲ್ಲಿ. ಭಿನ್ನರಾಶಿಯನ್ನು ಬ್ರೆಡ್ಡು ಕೊಯ್ದು ಕಲಿತು ಉತ್ತರವನ್ನು ತಿಂದುಬಿಡುತ್ತಿದ್ದರು. ಐದನೆಯವರು ಟೈಲರ್ ಅಮ್ಮನ ಅಂಗಡಿಯ ಮಹಡಿಯಲ್ಲಿ. ಕೆಳಗೆ ಮಷೀನು ಓಡುವಾಗ ನಮ್ಮ ಪದ್ಯಗಳಿಗೆಲ್ಲ ಅದೇ ತಾಳ. ಹತ್ತನೆಯವರು ಚರ್ಚಿನೊಳಗೇ ಗಾಯಕರು ನಿಲ್ಲುವ ಅಟ್ಟದಲ್ಲಿ. ಸಿಸ್ಟರ್ ದಿನಕ್ಕೆ ಮೂರು ಸಲ ಬೀದಿ ಸುತ್ತುತ್ತಿದ್ದರು. ಬಿಳಿ ಶೂ ಆ ವರ್ಷ ಬಿಳಿಯಾಗಿ ಉಳಿಯಲಿಲ್ಲ.

ನಾಲ್ಕನೇ ತಿಂಗಳು ಒಂದು ಮಧ್ಯಾಹ್ನ ಆ ಸದ್ದು ಕೇಳಿತು. ಲಾರಿಯಿಂದ ಕಲ್ಲು ಸುರಿದ ಹಾಗೆ, ಆದರೆ ನಿಲ್ಲದೆ. ಬೀದಿ ತುಂಬ ಧೂಳು. ನಮ್ಮ ಕೋಣೆ, ನನ್ನ ಕಿಟಕಿ, ಕೊನೆಯ ಬೆಂಚು ಎಲ್ಲ ನೆಲದ ಮೇಲೆ ರಾಶಿಯಾಗಿ ಬಿದ್ದಿದ್ದವು. ಸಿಸ್ಟರ್ ರಾಶಿಯ ಕಡೆ ಹೋಗಲೇ ಇಲ್ಲ. ಕಟ್ಟಡ ಖಾಲಿ ಎಂದು ಗೊತ್ತಿದ್ದರೂ ಅಂಗಡಿ ಅಂಗಡಿಗೆ ಓಡಿ, ಮಕ್ಕಳನ್ನು ಒಬ್ಬೊಬ್ಬರಾಗಿ ತಲೆ ಮುಟ್ಟಿ ಎಣಿಸಿದರು. ನನ್ನ ತಲೆಯ ಮೇಲೆ ಅವರ ಕೈ ಸ್ವಲ್ಪ ಹೊತ್ತು ಹೆಚ್ಚಾಗಿ ಇತ್ತು ಎಂದು ನನಗೆ ಅನ್ನಿಸಿತ್ತು. ಆರುನೂರು ಮಕ್ಕಳಿಗೂ ಹಾಗೇ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ದೇವದೂತನ ಕಥೆ ಹುಟ್ಟಿದ್ದು ಆ ಸಂಜೆಯೇ.

ಸ್ಮರಣೆಯ ಭಾನುವಾರ, ಪೂಜೆ ಮುಗಿದ ಮೇಲೆ ಎಲ್ಲರೂ ಚರ್ಚಿನ ಸಭಾಂಗಣದಲ್ಲಿ ಸೇರಿದರು. ಕುರ್ಚಿ ಸಾಲದೆ ಬೆಂಚು ತಂದು ಹಾಕಿದರು. ನಾನು ಬರೆದುಕೊಂಡದ್ದನ್ನು ಫಾದರ್ ಗಟ್ಟಿಯಾಗಿ ಓದಿದರು. ದೇವದೂತನ ಭಾಗ ಬಂದಾಗ ಜನ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು. ನಾನು ಎಲ್ಲರ ಬಾಯಲ್ಲಿ ಬಂದದ್ದನ್ನು ಬಂದ ಹಾಗೇ ಬರೆದಿದ್ದೆ. ಕಿಟಕಿಯ ವಿಷಯ ಬಿಟ್ಟಿದ್ದೆ. ನನ್ನ ಬೆನ್ನು ನಾನೇ ತಟ್ಟಿಕೊಂಡ ಹಾಗಾಗುತ್ತದೆ ಎಂದು.

ಆಗ ಅಪ್ಪ ಎದ್ದು ನಿಂತರು. ಎಂಬತ್ತು ದಾಟಿದ ಅಪ್ಪನಿಗೆ ಕಿವಿ ಮಂದ. ಊಟಕ್ಕೆ ಕರೆದರೆಂದು ಎದ್ದರೇನೋ ಎಂದುಕೊಂಡು ತೋಳು ಹಿಡಿದು ಕೂರಿಸಲು ಹೋದೆ. ಅವರು ನನ್ನ ಕೈ ಬಿಡಿಸಿಕೊಂಡರು.

"ಫಾದರ್, ಅದನ್ನ ಅಚ್ಚು ಹಾಕಿಸ್ಬೇಡಿ" ಎಂದರು. "ದೇವದೂತ ಯಾರೂ ಬಂದಿರಲಿಲ್ಲ. ಸಿಸ್ಟರಿಗೆ ಹೇಳಿದ್ದು ನನ್ನ ಮಗಳು. ಆಮೇಲೆ ನಾನು."

ಅಪ್ಪ ಮುಂದಿನ ಬೆಂಚಿನ ಬೆನ್ನು ಹಿಡಿದುಕೊಂಡು, ಯಾವ ಅವಸರವೂ ಇಲ್ಲದೆ, ನನಗೇ ಗೊತ್ತಿಲ್ಲದ ಮಾತನ್ನು ಹೇಳಿದರು. ಕಟ್ಟಡಕ್ಕೆ ಅಡಿಪಾಯ ತೋಡುವಾಗ ಬಲಮೂಲೆಯಲ್ಲಿ ಎಂದೋ ಮುಚ್ಚಿದ ಹಳೆಯ ಹೊಂಡ ಸಿಕ್ಕಿತ್ತು. ಮಣ್ಣು ಸಡಿಲ. ಗಟ್ಟಿ ನೆಲ ಸಿಗುವವರೆಗೆ ಇಳಿಯಬೇಕಿತ್ತು. ಆದರೆ ಉದ್ಘಾಟನೆಗೆ ಬಿಷಪ್ಪರು ಬರುವ ದಿನ ನಿಗದಿಯಾಗಿಹೋಗಿತ್ತು. ಇಪ್ಪತ್ತೆಂಟರ ಹರೆಯದ ಮೇಸ್ತ್ರಿಗೆ, ಹೇಳಿದ ದಿನಕ್ಕೆ ಮುಗಿಸಿದ ಎನ್ನಿಸಿಕೊಳ್ಳುವ ಹುಚ್ಚು. ಹೊಂಡಕ್ಕೆ ಕಲ್ಲು ತುಂಬಿ, ಮೇಲೆ ಗೋಡೆ ಎಬ್ಬಿಸಿದರು. ಯಾರಿಗೂ ಹೇಳಲಿಲ್ಲ. ಗಾಜು ಒಡೆದ ಬೆಳಿಗ್ಗೆ ಆಫೀಸಿನಲ್ಲಿ ಬಾಗಿಲು ಹಾಕಿಕೊಂಡು ಸಿಸ್ಟರ್ ಮುಂದೆ ಹೇಳಿದ್ದು ಅದನ್ನೇ.

"ಈಗ್ಲೇ ಹೋಗಿ ಎಲ್ಲರ ಮುಂದೆ ಒಪ್ಕೋತೀನಿ ಅಂದೆ. ಸಿಸ್ಟರ್, ಮೊದಲು ಮಕ್ಕಳು ಕೆಳಗೆ ಇಳೀಲಿ ಅಂದ್ರು. ಆಮೇಲೆ, ನೀವು ಒಪ್ಕೊಂಡು ಊರವರು ನಿಮ್ಮ ಮೇಲೆ ಬಿದ್ರೆ ಈ ಊರಲ್ಲಿ ಇನ್ಯಾವ ಕೆಲಸಗಾರನೂ ನನ್ನ ಹತ್ರ ಬಂದು ನಿಜ ಹೇಳಲ್ಲ, ಬೈಗುಳ ನನಗಿರಲಿ, ಗೋಡೆ ನೀವು ಸರಿಮಾಡಿ ಅಂದ್ರು. ತಾವು ಬದುಕಿರೋವರೆಗೂ ನಾನು ಬಾಯಿ ಬಿಡಬಾರದು ಅಂತ ಮಾತು ತಗೊಂಡ್ರು."

ಹೊಸ ಮೂಲೆ ಕಟ್ಟುವಾಗ ಮಂಡಳಿಯವರು ಬೇರೆ ಗುತ್ತಿಗೆದಾರರನ್ನು ತರುವ ಯೋಚನೆಯಲ್ಲಿದ್ದರು. ಆ ಮೂಲೆಯ ನೆಲ ಮೇಸ್ತ್ರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿಲ್ಲ ಎಂದು ಸಿಸ್ಟರ್ ಹಟ ಹಿಡಿದು ಅಪ್ಪನಿಗೇ ಕೊಡಿಸಿದ್ದರು. ಅಪ್ಪ ಬಂಡೆ ಸಿಗುವವರೆಗೆ ತೋಡಿದರು. ಬಂಡೆ ಸಿಕ್ಕ ದಿನ ಸಿಸ್ಟರ್ ಉಡುಪಿನ ಅಂಚನ್ನು ಒಂದು ಕೈಯಲ್ಲಿ ಹಿಡಿದು ಏಣಿ ಇಳಿದು, ಗುಂಡಿಯ ತಳದಲ್ಲಿ ನಿಂತು, ಬಂಡೆಯನ್ನು ಕಾಲಿಂದ ಎರಡು ಸಲ ಕುಟ್ಟಿ ನೋಡಿ, "ಈಗ ಗೋಡೆ ಏಳಿಸಿ" ಎಂದರಂತೆ.

ಇಷ್ಟು ಹೇಳಿ ಅಪ್ಪ ನಿಂತೇ ಇದ್ದರು. ಯಾರಾದರೂ ಏನಾದರೂ ಅನ್ನಲಿ ಎಂದು ಕಾಯುತ್ತಿದ್ದರು. ಆ ಕೋಣೆಯಲ್ಲಿ ನಾನೂ ಕೂತಿದ್ದೆನಲ್ಲ, ಇವರ ಮಗಳೇ ಕೂತಿದ್ದೆನಲ್ಲ ಎಂದು ಒಂದು ಕ್ಷಣ ಸಿಟ್ಟು ಬಂದದ್ದು ಸುಳ್ಳಲ್ಲ. ಆದರೆ ಅವರ ಕಡೆ ನೋಡಿದರೆ, ಬಗ್ಗಿದ ಬೆನ್ನು ಅವತ್ತು ಎಷ್ಟು ಸಾಧ್ಯವೋ ಅಷ್ಟು ನೆಟ್ಟಗಿತ್ತು. ಇಂಥ ಸಭೆಯಲ್ಲಿ ಇಂಥ ಮಾತನ್ನು ನಾನಾಗಿದ್ದರೆ ಆಡುತ್ತಿದ್ದೆನೆ?

ಮೊದಲು ಮಾತಾಡಿದವರು ಟೈಲರ್ ಅಮ್ಮ. ಅವರಿಗೂ ಈಗ ಎಂಬತ್ತರ ಹತ್ತಿರ.

"ಮೇಸ್ತ್ರಿಗಳೇ, ಎರಡನೇ ಸಲ ಎಷ್ಟು ಆಳ ತೋಡಿದ್ರಿ?"

"ಎರಡಾಳುದ್ದ, ಅಮ್ಮ."

"ಹಾಗಾದ್ರೆ ಸರಿ. ನನ್ನ ಮರಿಮಗಳು ಅದೇ ಕೋಣೇಲಿ ಕೂತ್ಕೋತಾಳೆ. ನೀವೂ ಕೂತ್ಕೊಳ್ಳಿ, ಕಾಲು ನೋಯುತ್ತೆ."

ಯಾರೋ ನಕ್ಕರು, ಯಾರೋ ಮೂಗೊರೆಸಿಕೊಂಡರು. ಬೇಕರಿಯ ಯಜಮಾನರ ಮಗಳು ಎದ್ದು, ಸಿಸ್ಟರನ್ನು ಪುಕ್ಕಲಿ ಎಂದದ್ದಕ್ಕೆ ತನ್ನ ಅಪ್ಪ ಸಾಯುವವರೆಗೂ ನೊಂದುಕೊಂಡಿದ್ದರು, ಅದನ್ನೂ ಬರೆದುಕೊಳ್ಳಿ ಎಂದಳು. ಫಾದರ್ ಕೈಯಲ್ಲಿದ್ದ ಹಾಳೆಯ ಮೇಲೆ ಉದ್ದ ಗೆರೆ ಎಳೆದು, ಇದನ್ನು ಮತ್ತೆ ಬರೆಯಬೇಕು ಎಂದರು. ದೇವದೂತ ಹೇಳಿದರೆ ಯಾರಾದರೂ ಕೇಳುತ್ತಾರೆ, ಹತ್ತು ವರ್ಷದ ಹುಡುಗಿ ಹೇಳಿದ್ದನ್ನು ಸಿಸ್ಟರ್ ಕೇಳಿದರಲ್ಲ, ನನಗೆ ಇದೇ ದೊಡ್ಡದಾಗಿ ಕಾಣುತ್ತದೆ ಎಂದೂ ಹೇಳಿದರು. ಅಷ್ಟು ಜನರ ಎದುರು ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಅಪ್ಪ ಮಾತ್ರ, ಕೇಳಿಸಿತೋ ಇಲ್ಲವೋ, ನನ್ನ ಮೊಣಕೈ ತಿವಿದು, "ನಿಂತ್ಕೋ, ಎಲ್ಲರಿಗೂ ಕಾಣಲಿ" ಎಂದರು. ನಿಂತೆ.

ಆ ಸಭೆಯಾದ ಮೇಲೆ ಒಂದು ತಮಾಷೆ ಶುರುವಾಯಿತು. ಈಗಿನ ಪ್ರಿನ್ಸಿಪಾಲರು ಗುರುವಾರ ಫೋನ್ ಮಾಡಿದರು. ಕಿಟಕಿಯ ಕಥೆ ಕೇಳಿದ ಮಕ್ಕಳಿಂದ ನಾಲ್ಕೇ ದಿನದಲ್ಲಿ ಹನ್ನೊಂದು ದೂರು ಬಂದಿವೆಯಂತೆ. ಮೆಟ್ಟಿಲಿನ ಕಂಬಿ ಅಲ್ಲಾಡುತ್ತದೆ, ಬಾಗಿಲು ಕಿರುಗುಟ್ಟುತ್ತದೆ, ನಲ್ಲಿ ತಾನಾಗೇ ಹಾಡುತ್ತದೆ. ಬಂದು ನೋಡುತ್ತೀರಾ ಎಂದು ಕೇಳಿದರು. ಚೀಲಕ್ಕೆ ಸುತ್ತಿಗೆ, ಪಾನಾ, ತೂಗುಗುಂಡು, ಟೇಪು ಹಾಕಿಕೊಂಡು ಹೊರಟೆ. ಅಪ್ಪ ಆಗಲೇ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

ಹನ್ನೊಂದು ದೂರುಗಳ ಪೈಕಿ ಒಂಬತ್ತರಲ್ಲಿ ಏನೂ ಇರಲಿಲ್ಲ. ಕಂಬಿಯ ಎರಡು ತಿರುಪು ನಿಜಕ್ಕೂ ಸಡಿಲವಾಗಿದ್ದವು, ಬಿಗಿದೆ. ನಲ್ಲಿಯ ದೂರು ಕೊಟ್ಟವಳು ಎರಡನೇ ತರಗತಿಯ ಹುಡುಗಿ. ಅಪ್ಪ ಅವಳ ಜೊತೆ ನಲ್ಲಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಮಂದ ಕಿವಿಯನ್ನು ಕೊಳವೆಗೆ ಆನಿಸಿ, ಯಾವ ಹೊತ್ತಿಗೆ ಹಾಡುತ್ತದೆ, ಎಷ್ಟು ಹೊತ್ತು ಹಾಡುತ್ತದೆ ಎಂದು ವಿವರವಾಗಿ ಕೇಳುತ್ತಿದ್ದರು. ನಾನು ವಾಷರ್ ಬದಲಾಯಿಸಲು ಪಾನಾ ತೆಗೆದೆ.